ಕೊನೆಯ ಮುಟ್ಟಿನ ತಾರೀಖು

ಕೋವಿನ್‌ನಲ್ಲಿ 220 ಕೋಟಿ ಕೋವಿಡ್ ಲಸಿಕೆ ಡೋಸ್‌ಗಳ ಲೆಕ್ಕ ಹಿಡಿದ ದೇಶಕ್ಕೆ ಒಬ್ಬ ಬಸುರಿಯ ಲೆಕ್ಕ ಯಾವ ಲೆಕ್ಕ ಎಂದು ಕೇಳುವವರು ಹೆಚ್ಚಾಗಿದ್ದಾರೆ. 2021ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶವ್ಯಾಪಿಯಾಗಿ, 14 ಅಂಕಿಯ ಆಭಾ ಸಂಖ್ಯೆ ಹಂಚಿಕೆ ಜೋರಾದ ಮೇಲಂತೂ ಈ ಹೊಗಳಿಕೆಗೆ ತಡೆಯೇ ಇಲ್ಲ. ಕೋವಿನ್ ಗೆದ್ದದ್ದು ನಿಜ. ಆದರೆ ಅದಕ್ಕೆ ಬೇಕಿದ್ದದ್ದು ಇಷ್ಟೇ: ಬಂದವರ ತೋಳಿಗೆ ಸೂಜಿ, ಆ ಕ್ಷಣದ ಒಂದು ದಾಖಲೆ, ಕೈಗೊಂದು ಸರ್ಟಿಫಿಕೇಟ್. ಬಸಿರು ಹಾಗಲ್ಲ. ಒಂಬತ್ತು ತಿಂಗಳ ಆ ಲೆಕ್ಕ ಅಷ್ಟರಲ್ಲಿ ಊರೂ ಬದಲಾಯಿಸುತ್ತದೆ.

ಆ ಲೆಕ್ಕ ಹಿಡಿಯಬೇಕಾದದ್ದು ತಾಯಿ-ಮಕ್ಕಳ ಆರೋಗ್ಯದ ಸರ್ಕಾರಿ ದಾಖಲೆಯಾದ ಆರ್‌ಸಿಎಚ್ ಪೋರ್ಟಲ್. 2008ರ ಎಚ್‌ಎಂಐಎಸ್ ಎಂಬ ಅಂಕಿಅಂಶ ವ್ಯವಸ್ಥೆ, ತಾಯಿ-ಮಕ್ಕಳನ್ನು ಒಬ್ಬೊಬ್ಬರಾಗಿ ಹಿಂಬಾಲಿಸಲು ಬಂದ 2009ರ ಎಂಸಿಟಿಎಸ್, ಆಮೇಲೆ ಹಳ್ಳಿಯ ಆರೋಗ್ಯ ಸಹಾಯಕಿಯರಾದ ಸಿಸ್ಟರ್‌ಗಳ ಕೈಗೆ ಬಂದ ಅನ್ಮೋಲ್ ಟ್ಯಾಬ್: ಇದು ಅದರ ವಂಶಾವಳಿ. ನನ್ನ ತಕರಾರು ಅದರೊಳಗಿನ ಒಂದೇ ಒಂದು ಖಾನೆಯ ಬಗ್ಗೆ. ಎಲ್‌ಎಂಪಿ, ಅಂದರೆ ಕೊನೆಯ ಮುಟ್ಟಿನ ಮೊದಲ ದಿನ.

ರಾಯಚೂರು ಜಿಲ್ಲೆಯ ಸಿರವಾರ ತಾಲ್ಲೂಕಿನ ಕವಿತಾಳದ ಆಚೀಚೆಯ ಹಳ್ಳಿಯೊಂದರಲ್ಲಿ ಈ ಖಾನೆ ಹೇಗೆ ತುಂಬುತ್ತದೆಂದು ಊಹಿಸಿಕೊಳ್ಳಿ. ಸಿಸ್ಟರ್ ಕೇಳುತ್ತಾರೆ, ಯಾವಾಗ ಆಗಿದ್ದಿ? ಉತ್ತರ ಬರುತ್ತದೆ: 'ಕಾರಹುಣ್ಣಿವಿ ಹಿಂದ ಮುಂದ ಆಗಿದ್ನ್ರಿ ಸಿಸ್ಟರ್, ನಾಗರ ಪಂಚ್ಮಿಗೆ ಆಗಲಿಲ್ರಿ.' ಉತ್ತರದಲ್ಲಿ ತಪ್ಪೇನೂ ಇಲ್ಲ. 2024ರಲ್ಲಿ ಕಾರಹುಣ್ಣಿಮೆ ಬಂದದ್ದು ಜೂನ್ 21-22ಕ್ಕೆ. ಆದರೆ 'ಹಿಂದ ಮುಂದ' ಎಂಬುದಕ್ಕೆ ಪೋರ್ಟಲ್‌ನಲ್ಲಿ ಜಾಗವಿಲ್ಲ, ಅದು ಕೇಳುವುದು ತಾರೀಖು. ಜೂನ್ 22 ಎಂದು ಹಾಕಬಹುದು, ಜೂನ್ 30 ಎಂದೂ ಹಾಕಬಹುದು. ಎರಡೂ ಅವಳ ಮಾತಿಗೆ ಹೊಂದುತ್ತವೆ.

ಈಗ ಅವಳು ಹೆಸರು ಬರೆಸಲು ಬಂದದ್ದು ಚೌತಿ ಮುಗಿದು ಸೆಪ್ಟೆಂಬರ್ 18ಕ್ಕೆ ಎಂದಿಟ್ಟುಕೊಳ್ಳಿ. ಜೂನ್ 22 ಹಿಡಿದರೆ 88 ದಿನ; ಹನ್ನೆರಡು ವಾರ ದಾಟಿತು, ತಡವಾದ ನೋಂದಣಿ. ಜೂನ್ 30 ಹಿಡಿದರೆ 80 ದಿನ, ಸಕಾಲದ ನೋಂದಣಿ. ರಾಯಚೂರು ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆ. ಮೊದಲ ಮೂರು ತಿಂಗಳೊಳಗೆ ನೋಂದಣಿಯಾದ ಗರ್ಭಿಣಿಯರ ಪ್ರಮಾಣ ಅಲ್ಲಿನ ಅಳತೆಗೋಲುಗಳಲ್ಲಿ ಒಂದು. ರಿವ್ಯೂ ಮೀಟಿಂಗಿನಲ್ಲಿ ಪರದೆಯ ಮೇಲೆ ಕೆಂಪಾಗುವುದೋ ಹಸಿರಾಗುವುದೋ ಎಂಬುದು ಈ ಎಂಟು ದಿನದಲ್ಲಿ ತೀರ್ಮಾನವಾಗುತ್ತದೆ. ಹೀಗಾಗಿ ತಾರೀಖು ಮುಂದಕ್ಕೆ ಸರಿದರೆ ಸಿಸ್ಟರಿಗೂ ಹಿತ, ಜಿಲ್ಲಾ ಆರೋಗ್ಯಾಧಿಕಾರಿ ಸಾಹೇಬರಿಗೂ ಹಿತ. ಯಾರೂ ಸುಳ್ಳು ಹೇಳಬೇಕಾಗಿಯೇ ಇಲ್ಲ.

ಕೆಡುವುದು ಮುಂದೆ. ಹೆರಿಗೆಯ ದಿನವನ್ನು ಯಂತ್ರ ತಾನೇ ಲೆಕ್ಕಹಾಕುತ್ತದೆ: ಜೂನ್ 22 ನಿಜವಿದ್ದು ಜೂನ್ 30 ಬಿದ್ದರೆ, ಮಾರ್ಚ್ 29 ಆಗಬೇಕಿದ್ದದ್ದು ಏಪ್ರಿಲ್ 6 ಆಗುತ್ತದೆ. ಡ್ಯೂ ಲಿಸ್ಟಿನಲ್ಲಿ ಅವಳ ಹೆಸರು ಎಂಟು ದಿನ ಹಿಂದೆ ಬೀಳುತ್ತದೆ. ಮಾರ್ಚ್ 12ಕ್ಕೆ ಹೆತ್ತರೆ ಕೂಸು ನಿಜಕ್ಕೆ 37 ವಾರ ತುಂಬಿಸಿಕೊಂಡು ಬಂದದ್ದು. ದಾಖಲೆಯಲ್ಲಿ ದಿನ ತುಂಬದ ಕೂಸು. ಆಮೇಲೆ ಯಾರೋ ಪಂಡಿತರು ಕುಳಿತು ರಾಯಚೂರಿನಲ್ಲಿ ದಿನ ತುಂಬದ ಹೆರಿಗೆಗಳೇಕೆ ಹೆಚ್ಚು ಎಂದು ಪ್ರಬಂಧ ಬರೆದರೆ ಅಚ್ಚರಿಪಡಬೇಕಿಲ್ಲ.

ಏಪ್ರಿಲ್ 6ಕ್ಕೆ ಅವಳು ಊರಲ್ಲೇ ಇರುತ್ತಾಳೆಂಬ ಖಾತ್ರಿಯೂ ಇಲ್ಲ. ಹಿಂಗಾರು ಕೆಲಸ ಮುಗಿದ ಮೇಲೆ ದೇವದುರ್ಗ, ಮಾನ್ವಿ, ಲಿಂಗಸುಗೂರು ಕಡೆಯ ಜನ ಬೆಂಗಳೂರಿಗೆ ಗುಳೆ ಹೋಗುವುದು ಹೊಸತಲ್ಲ. ಚೊಚ್ಚಲಾದರೆ ತವರು, ಆ ತವರು ಗಡಿಯ ಆಚೆ ತೆಲಂಗಾಣದ ಗದ್ವಾಲ ಕಡೆಗಿರಬಹುದು, ತುಂಗಭದ್ರೆಯ ಆಚೆ ಕರ್ನೂಲು ಜಿಲ್ಲೆಯಲ್ಲಿರಬಹುದು. ತೆಲಂಗಾಣ 2017ರಲ್ಲಿ ಬಾಣಂತಿಯರಿಗಾಗಿ ಕೆಸಿಆರ್ ಕಿಟ್ ಯೋಜನೆ ತಂದಾಗ ಅದಕ್ಕೆ ತನ್ನದೇ ನೋಂದಣಿ ಇಟ್ಟುಕೊಂಡಿತ್ತು. ತಾಯಿ ಕಾರ್ಡ್ ಕೈಯಲ್ಲಿದ್ದರೆ ಹನ್ನೆರಡು ಅಂಕಿಯ ಆರ್‌ಸಿಎಚ್ ಐಡಿ ಸಿಕ್ಕೀತು. ಇಲ್ಲದಿದ್ದರೆ ಅವಳನ್ನು, ಹುಲಿಗೆಮ್ಮ ಎನ್ನೋಣ, ಹೆಸರಿನಿಂದ ಹುಡುಕಬೇಕು. ಇಂಗ್ಲಿಷ್ ಅಕ್ಷರದಲ್ಲಿ ಆ ಹೆಸರನ್ನು ನಾಲ್ಕು ಆಪರೇಟರ್‌ಗಳು ನಾಲ್ಕು ಥರ ಬರೆದಿರುತ್ತಾರೆ, ಫೋನ್ ನಂಬರು ಗಂಡನದು. ಸಿಗದಿದ್ದರೆ ಹೊಸ ನೋಂದಣಿ. ಒಬ್ಬಳೇ ಬಸುರಿ ಈಗ ಇಬ್ಬರು: ಕವಿತಾಳದ ಲೆಕ್ಕದಲ್ಲಿ ಹೆರಿಗೆ ಬಾಕಿ ಉಳಿದವಳು, ಬೆಂಗಳೂರಿನ ಲೆಕ್ಕದಲ್ಲಿ ತಡವಾಗಿ ಬಂದವಳು.

ಇಲ್ಲಿ ನನಗೆ ಜಗಳವಿರುವುದು ಪೋರ್ಟಲ್‌ಗಿಂತ ಹೆಚ್ಚಾಗಿ ಅದರ ವಿಮರ್ಶಕರ ಜೊತೆ. ಬಡ ದೇಶಗಳ ಮಾಹಿತಿ ವ್ಯವಸ್ಥೆಗಳು ಸೋಲುವುದೇಕೆ ಎಂದು ಕೇಳಿದರೆ ಮ್ಯಾಂಚೆಸ್ಟರ್‌ನ ರಿಚರ್ಡ್ ಹೀಕ್ಸ್ ಅವರ ಉತ್ತರ ಪ್ರಸಿದ್ಧ: ವಿನ್ಯಾಸಕ್ಕೂ ವಾಸ್ತವಕ್ಕೂ ನಡುವೆ ಕಂದಕವಿದೆ. ಆ ಸೂತ್ರವನ್ನು ನಮ್ಮವರು ಎಷ್ಟು ಸಲ ಉರುಹೊಡೆದಿದ್ದಾರೆಂದರೆ ನೆಟ್‌ವರ್ಕ್ ಇಲ್ಲ, ಕರೆಂಟ್ ಇಲ್ಲ, ತರಬೇತಿ ಸಾಲದು ಎಂಬ ಮೂರು ದೂರು ಬರೆದರೆ ವಿಮರ್ಶೆ ಮುಗಿಯಿತು. ಟವರ್ ನಿಂತರೂ, ತರಬೇತಿಯಾದರೂ ಎಲ್‌ಎಂಪಿ ಖಾನೆ ಹಾಗೆಯೇ ತುಂಬುತ್ತದೆ. ಅಲ್ಲಿ ಕಂದಕವೇ ಇಲ್ಲ. ಮೇಲಿನವರಿಗೆ ಬೇಕಾದ್ದು ಶೇಕಡಾವಾರು, ಪೋರ್ಟಲ್ ಅದನ್ನು ಚಾಚೂ ತಪ್ಪದೆ ಕೊಡುತ್ತಿದೆ.

ಓಸ್ಲೋ ವಿಶ್ವವಿದ್ಯಾಲಯದ ಗುಂಪಿನವರು ಇವರಿಗಿಂತ ಮೇಲು, ಒಪ್ಪುತ್ತೇನೆ. ವರ್ಣಭೇದ ಕೊನೆಯಾದ ದಕ್ಷಿಣ ಆಫ್ರಿಕಾದಲ್ಲಿ ಡಿಎಚ್‌ಐಎಸ್ ಎಂಬ ಆರೋಗ್ಯ ಮಾಹಿತಿ ತಂತ್ರಾಂಶ ಕಟ್ಟಿದ ಯೋರ್ನ್ ಬ್ರಾ, ಅದನ್ನು ಆಂಧ್ರದ ಕುಪ್ಪಂವರೆಗೆ ತಂದ ಸುಂದೀಪ್ ಸಹಾಯ್ ಮುಂತಾದವರು ಕ್ಲಿನಿಕ್‌ಗಳಲ್ಲಿ ಕುಳಿತು ಕೆಲಸ ಮಾಡಿದವರು. ಅಂಕಿಗಳನ್ನು ಮೊದಲು ಅವು ಹುಟ್ಟುವ ಜಾಗದಲ್ಲೇ ಬಳಸಬೇಕು, ಬಳಸಿದರೆ ತಾವಾಗಿಯೇ ಸುಧಾರಿಸುತ್ತವೆ ಎಂಬುದು ಅವರ ನಂಬಿಕೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಅಂಕಿ ಬಳಕೆಯಾಗುತ್ತದೆ ಸ್ವಾಮಿ. ಮುಂದಿನ ಮೀಟಿಂಗಿನಲ್ಲಿ ಬೈಸಿಕೊಳ್ಳದಿರಲು ಬಳಕೆಯಾಗುತ್ತದೆ! ಆ ಬಳಕೆಯಿಂದ ಅಂಕಿ ಸುಧಾರಿಸುವುದೂ ನಿಜ, ಬಸುರಿಯ ಸ್ಥಿತಿ ಸುಧಾರಿಸಬೇಕಿಲ್ಲ. ಬೆಂಗಳೂರಿನ ಖಾಸಗಿತನದ ವಾದಿಗಳ ಆತಂಕಕ್ಕೂ ಬೆಲೆಯಿದೆ. ಆದರೆ ಯಾರದೆಂದು ಪತ್ತೆಯಾಗದ ದಾಖಲೆ ಸೋರಿಹೋಗುವ ಭಯ ಕವಿತಾಳಕ್ಕೆ ಎರಡನೆಯದು.

ಪೋರ್ಟಲ್‌ನಿಂದ ಉಪಯೋಗವೇ ಇಲ್ಲವೆಂದಲ್ಲ. ಲಸಿಕೆ ಬಾಕಿಯಿರುವ ಮಕ್ಕಳ ಪಟ್ಟಿ ಕೆಲಸಕ್ಕೆ ಬರುತ್ತದೆ, ಹಿಮೋಗ್ಲೋಬಿನ್ 7ಕ್ಕಿಂತ ಇಳಿದವರನ್ನು ಬೇರೆ ಮಾಡಿ ತೋರಿಸುವುದೂ ಒಳ್ಳೆಯದೇ. ಅಲ್ಲಿಗೆ ಬಿಡೋಣ.

ಈ ವ್ಯವಸ್ಥೆಯ ನಿಜವಾದ ವಿಮರ್ಶೆ ಬಂದದ್ದು ಬೀದಿಯಿಂದ. 2020ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿಗೆ ಬಂದು ಕೂತಾಗ ತಿಂಗಳಿಗೆ 12,000 ರೂಪಾಯಿ ಖಚಿತ ಗೌರವಧನ ಕೇಳಿದರು. 2025ರ ಜನವರಿಯಲ್ಲಿ ಅದು 15,000 ಆಗಿತ್ತು. ಸುದ್ದಿಯಾದದ್ದು ದುಡ್ಡಿನ ಮೊತ್ತ. ಪ್ರೋತ್ಸಾಹಧನಕ್ಕೂ ಆರ್‌ಸಿಎಚ್ ಪೋರ್ಟಲ್‌ಗೂ ಇರುವ ಕೊಂಡಿ ಕಳಚಿ ಎಂಬ ಅವರ ಇನ್ನೊಂದು ಬೇಡಿಕೆಯನ್ನು ಮಾಹಿತಿ ವ್ಯವಸ್ಥೆಯ ಪಂಡಿತರು ಓದಬೇಕಿತ್ತು. ಬಸುರಿಯ ಬೆನ್ನುಹತ್ತಿ ಆಸ್ಪತ್ರೆಗೆ ಕರೆದೊಯ್ದವಳು ಆಶಾ. ಎಂಟ್ರಿ ಮಾಡುವವರು ಬೇರೆ. ಎಂಟ್ರಿ ಬೀಳದಿದ್ದರೆ ಮಾಡಿದ ಕೆಲಸ ಆಗಿಲ್ಲವೆಂದೇ ಲೆಕ್ಕ, ದುಡ್ಡು ಕಟ್. ಅದೇ ಖಾನೆ ಒಬ್ಬಳ ಕೂಲಿ ಚೀಟಿಯೂ ಆದಾಗ ಅದರೊಳಗಿನ ಅಂಕಿ ಆರೋಗ್ಯದ ಮಾಹಿತಿಯಾಗಿ ಉಳಿಯುವುದಿಲ್ಲ. ಹೀಕ್ಸ್ ಅವರ ಸೂತ್ರದಿಂದ ಕಾಣದ ಈ ಮಾತನ್ನು ಆ ಹೆಂಗಸರು ಬೇಡಿಕೆಯ ಒಂದೇ ಸಾಲಿನಲ್ಲಿ ಹೇಳಿದ್ದರು. ದುಡ್ಡನ್ನು ಪೋರ್ಟಲ್‌ನಿಂದ ಬಿಡಿಸಿ, ಎಲ್‌ಎಂಪಿ ಪಕ್ಕ 'ಅಂದಾಜು' ಎಂದು ಗುರುತು ಹಾಕುವ ಒಂದು ಚೌಕ ಇಟ್ಟು ನೋಡಲಿ. ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ರಾಯಚೂರಿನ ರ‍್ಯಾಂಕು ಮೊದಲ ತಿಂಗಳೇ ಇಳಿದೀತು.