ಆಕಾಶಕ್ಕೆ ಬಿಟ್ಟ ಕಾಗದ: ಪೆನ್ಸಿಲ್ ನಿಸರ್ಗಚಿತ್ರದ ರಸಿಕರಿಗೊಂದು ಕೈಪಿಡಿ

ಪೆನ್ಸಿಲಿನಲ್ಲಿ ಬರೆದ ನಿಸರ್ಗಚಿತ್ರವನ್ನು ನೋಡುವಾಗ ಹೊಸ ರಸಿಕರ ಕಣ್ಣು ಮರ, ಮನೆ, ಬೆಟ್ಟಗಳತ್ತ ಹರಿಯುವುದು ಸಹಜವಾದರೂ, ಈ ಕಲೆಯ ಕಸುವು ತಿಳಿಯುವುದು ದೂರವನ್ನು ಕಾಣಿಸುವ ಬಗೆಯಲ್ಲಿ. ಆದ್ದರಿಂದ ಮೊದಲು ಗಮನಿಸಬೇಕಾದದ್ದು ದಿಗಂತರೇಖೆಯನ್ನು, ಅಂದರೆ ನೆಲವೂ ಬಾನೂ ಕೂಡಿದಂತೆ ತೋರುವ ಗೆರೆಯನ್ನು. 17ನೆಯ ಶತಮಾನದ ಡಚ್ ಕಲಾವಿದರಾದ ಯಾನ್ ವಾನ್ ಗೋಯೆನ್, ಯಾಕೋಬ್ ವಾನ್ ರೌಸ್‌ಡಾಲ್ ಮೊದಲಾದವರು ತಮ್ಮ ಸಮತಟ್ಟು ನಾಡಿನ ಅನೇಕ ಚಿತ್ರಗಳಲ್ಲಿ ಈ ಗೆರೆಯನ್ನು ಬಹಳ ಕೆಳಗಿಳಿಸಿ, ಮೂರರಲ್ಲಿ ಎರಡು ಪಾಲನ್ನೋ ಅದಕ್ಕೂ ಹೆಚ್ಚನ್ನೋ ಆಕಾಶಕ್ಕೆ ಬಿಟ್ಟುಕೊಟ್ಟರು.

ವಾನ್ ಗೋಯೆನ್ ಊರೂರು ಸುತ್ತಿ ಬರೆದದ್ದು ಕಪ್ಪು ಚಾಕಿನಲ್ಲಿ, ಎಂದರೆ ನೆಲದಿಂದ ತೆಗೆದ ಮೆದುವಾದ ಕರಿಕಲ್ಲಿನಲ್ಲಿ. ಇಂದಿನ ಪೆನ್ಸಿಲ್ ಬಂದದ್ದು ಫ್ರಾನ್ಸಿನ ಕೋಂತೆ 1795ರಲ್ಲಿ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನಕ್ಕೆ ಹಕ್ಕುಪತ್ರ ಪಡೆದ ಮೇಲೆ. ಮಣ್ಣು ಹೆಚ್ಚಿದಷ್ಟೂ ಕಡ್ಡಿ ಗಡುಸಾಗಿ ಗೆರೆ ತಿಳಿಯಾಗುವುದರಿಂದ, ದೂರಕ್ಕೆ ಗಡುಸಾದ 2ಎಚ್, ಹತ್ತಿರಕ್ಕೆ ಮೆದುವಾದ 4ಬಿ ಎಂಬ ಹಂಚಿಕೆ ಸಾಧ್ಯವಾಯಿತು.

ದೂರವನ್ನು ತಿಳಿಯಾಗಿ, ಹತ್ತಿರವನ್ನು ಗಾಢವಾಗಿ ಕಾಣಿಸುವ ಈ ಪಾಠ ಕ್ಯಾಲಿಫೋರ್ನಿಯಾದ ಸಾನ್ ಡಿಯಾಗೋ ಕೌಂಟಿಯ ಪೊವೇ ಊರಿನಲ್ಲಿ ಕಠಿಣವಾಗುತ್ತದೆ, ಏಕೆಂದರೆ ಸುತ್ತಲೂ ಗುಡ್ಡಗಳಿದ್ದು ದಿಗಂತ ಮೇಲಕ್ಕೇರುತ್ತದೆ, ಮತ್ತು ಒಣಹವೆಯಲ್ಲಿ ದೂರದ ಐರನ್ ಮೌಂಟನ್ ಬೆಟ್ಟದ ಬಂಡೆಗಳೂ ಕಾಲಬುಡದ ಬಂಡೆಯಷ್ಟೇ ಚೂಪಾಗಿ ಕಾಣುತ್ತವೆ. ಎರಡನ್ನೂ ಒಂದೇ ಒತ್ತಿನಲ್ಲಿ ಬರೆದ ಚಿತ್ರದಲ್ಲಿ ಬೆಟ್ಟ ಮುಂದಕ್ಕೆ ಬಂದು ನಿಲ್ಲುತ್ತದೆ. ಅದನ್ನು ಹಿಂದಕ್ಕೆ ಕಳಿಸಬಲ್ಲ ಕೈಯೇ ಪಳಗಿದ ಕೈ. ಮೇ, ಜೂನ್ ತಿಂಗಳ ಬೆಳಗಿನಲ್ಲಿ ಸಾಗರದಿಂದ ಒಳನಾಡಿಗೆ ಸರಿದು ಬರುವ ತಗ್ಗುಮೋಡ ಡಚ್ ನಾಡಿನ ತೇವದ ಹವೆಯಂತೆಯೇ ದೂರವನ್ನು ಮಸುಕುಗೊಳಿಸುವುದರಿಂದ, ಅಭ್ಯಾಸಕ್ಕೆ ಆ ಹೊತ್ತೇ ಮೇಲು.

ಲಾಸ್ ಏಂಜಲೀಸ್ ಕೌಂಟಿ ಕಲಾ ಸಂಗ್ರಹಾಲಯದ ಸಂಗ್ರಹದಲ್ಲಿರುವ ರೌಸ್‌ಡಾಲ್‌ನ 1652ರ ‘ದಿ ಗ್ರೇಟ್ ಓಕ್’ ತೈಲಚಿತ್ರವೇ ಆದರೂ ಪೆನ್ಸಿಲ್ ಹಿಡಿಯುವವರಿಗೂ ದೊಡ್ಡ ಗುರು: ಅಲ್ಲಿ ಎಲೆಗಳು ಬಿಡಿಯಾಗಿ ಎಣಿಕೆಗೆ ಸಿಗದೆ, ಬೆಳಕು ಬಿದ್ದ ಮತ್ತು ನೆರಳಿಗೆ ಸರಿದ ಗೊಂಚಲುಗಳಾಗಿ ಮೂಡಿವೆ. ಪೊವೇಯ ಕಣಿವೆಗಳ ನಿತ್ಯಹಸುರಿನ ಓಕ್ ಮರಗಳ ಚಿತ್ರವನ್ನು ತೂಗುವುದಕ್ಕೂ ಇದೇ ಅಳತೆಗೋಲು ಸಲ್ಲುತ್ತದೆ, ಎಲೆ ಎಲೆಯನ್ನೂ ತಿದ್ದಿದ ಶ್ರಮ ಎಷ್ಟೇ ಮೆಚ್ಚಿಸಿದರೂ. ಲಾಸ್ ಏಂಜಲೀಸಿನ ಗೆಟ್ಟಿ ಸಂಗ್ರಹಾಲಯದಲ್ಲಿ ರೆಂಬ್ರಾಂಟ್ ಕಂದು ಶಾಯಿಯಲ್ಲಿ ಬರೆದ, ಪುಟ್ಟ ಗೋಪುರದ ಮನೆಯ ಭೂದೃಶ್ಯವಿದೆ. ಬೆಳಕಿಗೆ ಕಾಗದ ಕೆಡುವುದರಿಂದ ಇಂಥ ಚಿತ್ರಗಳನ್ನು ಸದಾ ತೂಗುಹಾಕುವುದಿಲ್ಲವಾದ ಕಾರಣ, ಪ್ರದರ್ಶನಕ್ಕಿಟ್ಟಾಗ ನೋಡಿಬರಬೇಕು, ಮತ್ತು ಆತ ಎಳೆದ ಗೆರೆಗಳಿಗಿಂತ ಮುಟ್ಟದೆ ಬಿಟ್ಟ ಜಾಗದಲ್ಲಿ ಹೆಚ್ಚು ಹೊತ್ತು ಕಣ್ಣಿಡಬೇಕು.