ಮೂಲೆ ಸವೆದ ಸುತ್ತಿಗೆ

ಮಳೆಗಾಲ ಮುಗಿದು ಕಲ್ಲು ಹುಡುಕಲು ಹೊರಡುವ ಹೊತ್ತಿಗೆ ಪ್ರತಿ ವರ್ಷ ಅದೇ ಪ್ರಶ್ನೆ: ಹಳೇ ಸುತ್ತಿಗೆಯಲ್ಲೇ ಈ ವರ್ಷವನ್ನೂ ತಳ್ಳಬಹುದೇ? ಅದರ ಚೌಕ ಮುಖದ ನಾಲ್ಕು ಮೂಲೆಗಳನ್ನು ಬೆರಳಿನಿಂದ ಸವರಿದರೆ ಉತ್ತರ ಸಿಗುತ್ತದೆ. ಏಟಿನ ಬಲವೆಲ್ಲ ಸಣ್ಣದೊಂದು ಮೂಲೆಯ ಮೇಲೆ ಬಿದ್ದರೇ ಗಟ್ಟಿ ಕಲ್ಲು ಸೀಳುವುದು. ಮೂಲೆ ಉರುಟಾದರೆ ಏಟು ಜಾರುತ್ತದೆ, ಮಣಿಕಟ್ಟು ನೋಯುತ್ತದೆ.

ಗ್ರೈಂಡರಿಗೆ ಹಿಡಿದರಾಯಿತು ಎನ್ನುವವರಿದ್ದಾರೆ. ಅಂಚು ಅಣಬೆಯಂತೆ ಹೊರಚಾಚಿದ್ದರೆ ತೀಡಿಸಲೇಬೇಕು, ಇಲ್ಲವಾದರೆ ಉಕ್ಕಿನ ಚೂರು ಸಿಡಿದು ಕಣ್ಣಿಗೆ ಹೊಡೆದೀತು. ಆದರೆ ಪದೇ ಪದೇ ನೀರಿಗದ್ದಿ ನಿಧಾನವಾಗಿ ತೀಡಬೇಕು. ಉಕ್ಕಿಗೆ ನೀಲಿ ಬಣ್ಣ ಬಂತೆಂದರೆ ಹದ ಕೆಟ್ಟಿತು. ಆಮೇಲೆ ಹೊಸದನ್ನು ಕೊಳ್ಳುವುದೇ ಸರಿ.

ಕೊಳ್ಳುವಾಗ ಭಾರ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಪಂಥದವರ ಮಾತು ಕೇಳಬೇಡಿ. ದಿನವಿಡೀ ಬೀಸಲು 22 ಔನ್ಸ್, ಅಂದರೆ ಸುಮಾರು 620 ಗ್ರಾಂ ತೂಕದ ತಲೆ ಸಾಕು. ಶಹಾಬಾದಿನ ಸುಣ್ಣಕಲ್ಲಿನಂಥ ಪದರುಗಲ್ಲಿಗೆ ಉಳಿಬಾಯಿ, ದಕ್ಷಿಣದ ಗ್ರಾನೈಟಿಗೆ ಚೂಪು ಮೊನೆ. ಅಮೆರಿಕದ ರಾಕ್‌ಫರ್ಡಿನಲ್ಲಿ 1923ರಲ್ಲಿ ಶುರುವಾದ ಎಸ್ಟ್‌ವಿಂಗ್ ಕಂಪನಿಯ, ತಲೆ ಹಿಡಿ ಎರಡೂ ಒಂದೇ ಉಕ್ಕಿನ ಸುತ್ತಿಗೆಗೆ ಜಗತ್ತಿನಾದ್ಯಂತ ಭಕ್ತರಿದ್ದಾರೆ. ಆದರೂ ಈ ಅಂಕಣದ ಮತ ಮರದ ಕಾವಿಗೇ. ಅದು ಏಟಿನ ಕಂಪನವನ್ನು ನುಂಗುತ್ತದೆ, ಮುರಿದರೆ ಬೇರೆ ಹಾಕಿಸಬಹುದು. ಕಾವು ಸಡಿಲವಾದರೆ ಬೆಣೆ ಹೊಡೆಯಿರಿ. ನೀರಲ್ಲಿ ನೆನೆಸಿದರೆ ಮರ ಆ ದಿನಕ್ಕೆ ಉಬ್ಬಿ, ಒಣಗಿದ ಮೇಲೆ ಇನ್ನಷ್ಟು ಸಡಿಲವಾಗುತ್ತದೆ.

ಹೊಸ ಸುತ್ತಿಗೆಯನ್ನು ಒಳ್ಳೆಯ ಮಾದರಿಯ ಮೇಲೆ ಪಳಗಿಸಬಾರದು. ಕ್ವಾರಿಯವರ ಅನುಮತಿ ಕೇಳಿ, ಅವರು ಬಿಸಾಡಿದ ಚೂರುಗಳನ್ನು ಒಡೆಯಿರಿ. ಮೊದಲ ಏಟುಗಳಿಗೆ ಮುಖದ ಬಣ್ಣ ಹಾರುತ್ತದೆ, ಕನ್ನಡಕ ಕಡ್ಡಾಯ. ಕಾವಿನ ತುದಿ ಹಿಡಿದು, ಕಲ್ಲಿನ ಅಂಚಿಗೆ ಮೂಲೆಯಿಂದ ಹೊಡೆಯಿರಿ. ಸದ್ದು ಖಣಿಲ್ ಎನ್ನದೆ ಬೊದ್ದಾದರೆ ಕಲ್ಲಿನೊಳಗೆ ಬಿರುಕು ಮೂಡಿದೆ ಎಂದರ್ಥ. ಚಾಣಕ್ಕೆ ಹೊಡೆಯಲು ಮಾತ್ರ ಈ ಸುತ್ತಿಗೆ ಬೇಡ, ಅದಕ್ಕೆ ಕಲ್ಲುಕುಟಿಗರ ದಪ್ಪ ಸುತ್ತಿಗೆಯಿದೆ. ಎಲ್ಲಿ ಹೊಡೆಯಬೇಕೆಂಬುದನ್ನೂ ಅವರಿಂದಲೇ ಕಲಿಯಬೇಕು. 1841ರಲ್ಲಿ ‘ದಿ ಓಲ್ಡ್ ರೆಡ್ ಸ್ಯಾಂಡ್‌ಸ್ಟೋನ್’ ಪ್ರಕಟಿಸಿದ ಸ್ಕಾಟ್ಲೆಂಡಿನ ಹ್ಯೂ ಮಿಲ್ಲರ್ ಕಲ್ಲುಕುಟಿಗರಾಗಿದ್ದವರೇ.

ಎಲ್ಲಿ ಹೊಡೆಯಬಾರದು ಎಂಬುದು ಅದಕ್ಕಿಂತ ದೊಡ್ಡ ಪಾಠ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು, ಚಿತ್ರದುರ್ಗದ ಮರಡಿಹಳ್ಳಿ ಮತ್ತು ಕೆಜಿಎಫ್ ಬಳಿಯ ಲಾವಾ ಶಿಲೆಗಳೂ ಅದರಂತೆಯೇ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಈ ನಾಲ್ಕು ಕಡೆ ಸುತ್ತಿಗೆ ಚೀಲದಲ್ಲೇ ಇರಲಿ, ಫೋಟೊ ತೆಗೆದುಕೊಂಡು ಬನ್ನಿ.