ಸಹಾಯಧನ ಮತ್ತು ಸಂಶೋಧನೆಯ ಪ್ರಶ್ನೆ: ಸಮುದಾಯಾಭಿವೃದ್ಧಿಯನ್ನು ಕುರಿತ ಎರಡು ಗ್ರಂಥಗಳ ವಿಮರ್ಶೆ

ಸ್ವಾತಂತ್ರ್ಯಾನಂತರದ ಮೊದಲ ಎರಡು ದಶಕಗಳಲ್ಲಿ ಭಾರತದ ಗ್ರಾಮಜೀವನವನ್ನು ಕುರಿತು ಪ್ರಕಟವಾದ ಗ್ರಂಥಗಳಲ್ಲಿ ಅನೇಕವು ಅಮೆರಿಕದ ಪ್ರತಿಷ್ಠಾನಗಳ ಅಥವಾ ವಿಶ್ವವಿದ್ಯಾಲಯಗಳ ಸಂಪರ್ಕದಲ್ಲಿ ಬೆಳೆದಂಥವು. ಈ ಸಂಪರ್ಕವನ್ನು ಕುರಿತು ನಮ್ಮ ವಿದ್ವಾಂಸರಲ್ಲಿ ಎರಡು ಬಗೆಯ ಅಭಿಪ್ರಾಯಗಳುಂಟು. ಅದು ಉದಾರವಾದ ವಿದ್ಯಾದಾನವೆಂದು ಕೆಲವರ ಮತ. ಶೀತಲ ಸಮರದ ಒಂದು ಸಾಧನವೆಂದು ಮತ್ತೆ ಕೆಲವರ ಮತ. ಇವೆರಡೂ ದಾನಿಯ ಮನಸ್ಸನ್ನು ಕುರಿತ ತೀರ್ಮಾನಗಳು. ದಾನದ ಕಾಲದಲ್ಲಿ ಹುಟ್ಟಿದ ಗ್ರಂಥಗಳನ್ನು ಓದಿ ಅವುಗಳ ಗುಣದೋಷಗಳನ್ನು ತೂಗುವ ಕೆಲಸಕ್ಕೆ ಇವುಗಳಿಂದ ಹೆಚ್ಚಿನ ನೆರವು ದೊರೆಯದು. ಪ್ರಕೃತ ಲೇಖನದಲ್ಲಿ 1958ರಲ್ಲಿ ಪ್ರಕಟವಾದ ಎರಡು ಗ್ರಂಥಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಲು ಉದ್ದೇಶಿಸಿದೆ. ಒಂದು, ಆಲ್ಬರ್ಟ್ ಮೇಯರ್ ಮತ್ತು ಸಹೋದ್ಯೋಗಿಗಳ ‘ಪೈಲಟ್ ಪ್ರಾಜೆಕ್ಟ್, ಇಂಡಿಯ’, ಇನ್ನೊಂದು, ಎಸ್. ಸಿ. ದುಬೆ ಅವರ ‘ಇಂಡಿಯಾಸ್ ಚೇಂಜಿಂಗ್ ವಿಲೇಜಸ್’.

ಮೊದಲು ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. ನಗರಯೋಜನೆಯಲ್ಲಿ ಪರಿಣತರಾದ ಮೇಯರ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ಎಂಜಿನಿಯರಾಗಿ ಭಾರತಕ್ಕೆ ಬಂದವರು. ಅವರ ಸಲಹೆಯಂತೆ ಉತ್ತರ ಪ್ರದೇಶದ ಸರ್ಕಾರವು 1948ರಲ್ಲಿ ಇಟಾವಾ ಜಿಲ್ಲೆಯ ಮಹೇವಾ ಸುತ್ತಿನ 64 ಹಳ್ಳಿಗಳಲ್ಲಿ ಪ್ರಾಯೋಗಿಕ ಕಾರ್ಯವನ್ನು ಆರಂಭಿಸಿತು. ತರುವಾಯ ಅದು 97 ಹಳ್ಳಿಗಳಿಗೆ ಹಬ್ಬಿತು. 1951ರಲ್ಲಿ ಫೋರ್ಡ್ ಪ್ರತಿಷ್ಠಾನದ ಅಧ್ಯಕ್ಷರಾದ ಪಾಲ್ ಹಾಫ್‌ಮನ್ ಭಾರತಕ್ಕೆ ಬಂದರು. ಗ್ರಾಮೀಣ ಸಮಾಜಶಾಸ್ತ್ರಜ್ಞರಾದ ಡಗ್ಲಸ್ ಎನ್ಸ್‌ಮಿಂಗರ್ ಅದೇ ವರ್ಷ ಪ್ರತಿಷ್ಠಾನದ ಪ್ರತಿನಿಧಿಯಾಗಿ ನೇಮಕಗೊಂಡು 1970ರವರೆಗೆ ದೆಹಲಿಯಲ್ಲಿದ್ದರು. ಪ್ರತಿಷ್ಠಾನದ ಸಹಾಯಧನದಿಂದ 15 ಪ್ರಾಯೋಗಿಕ ಕೇಂದ್ರಗಳೂ ಗ್ರಾಮಸೇವಕರ ತರಬೇತಿ ಶಾಲೆಗಳೂ ಏರ್ಪಟ್ಟವು. 1952ರ ಅಕ್ಟೋಬರ್ 2ರಂದು ಭಾರತ ಸರ್ಕಾರವು 55 ಸಮುದಾಯ ಯೋಜನೆಗಳನ್ನು ಆರಂಭಿಸಿತು. ಒಂದು ವರ್ಷದ ಬಳಿಕ ರಾಷ್ಟ್ರೀಯ ವಿಸ್ತರಣಾ ಸೇವೆಯೂ ಬಂದಿತು.

ಮೇಯರ್ ಅವರ ಗ್ರಂಥವು ಇಟಾವಾ ಕಾರ್ಯದ ಪತ್ರಗಳು, ವರದಿಗಳು, ಟಿಪ್ಪಣಿಗಳು ಇವುಗಳನ್ನು ಆಧರಿಸಿದ ಕಥನ. ಇತಿಹಾಸದ ವಿದ್ಯಾರ್ಥಿಗೆ ಇದು ಅಮೂಲ್ಯವಾದ ಆಕರ. ಅಧಿಕಾರಿಯು ತನ್ನ ಕೈಕೆಳಗಿನವರೊಡನೆ ಸಮಾನನಾಗಿ ಕುಳಿತು ಚರ್ಚಿಸದಿದ್ದರೆ ಗ್ರಾಮಸೇವಕನು ರೈತನೊಡನೆ ಹಾಗೆ ಕುಳಿತುಕೊಳ್ಳಲಾರನೆಂಬ ತತ್ತ್ವವನ್ನು ಗ್ರಂಥಕರ್ತರು ಸ್ಪಷ್ಟವಾಗಿ ಪ್ರತಿಪಾದಿಸಿದ್ದಾರೆ. ಆಡಳಿತದ ಒಳಗಿನ ಪ್ರಜಾಸತ್ತೆ ಎಂದು ಇದನ್ನು ಕರೆಯಬಹುದು. ಕಂದಾಯ ವಸೂಲಿಗಾಗಿಯೇ ಬೆಳೆದುಬಂದ ಆಡಳಿತಯಂತ್ರವನ್ನು ಬಲ್ಲವರಿಗೆ ಈ ಮಾತಿನ ತೂಕ ತಿಳಿಯದೆ ಹೋಗದು. ಗ್ರಾಮಜೀವನದ ವಿಶ್ಲೇಷಕನೆಂಬ ಪ್ರತ್ಯೇಕ ಹುದ್ದೆಯನ್ನು ಸೃಷ್ಟಿಸಿ, ಮಾನವಶಾಸ್ತ್ರಜ್ಞರಾದ ರುದ್ರದತ್ತ ಸಿಂಗ್ ಅವರನ್ನು ಅದಕ್ಕೆ ನೇಮಿಸಿದುದೂ ಪ್ರಶಂಸಾರ್ಹ.

ಆದರೆ ಈ ವಿಶ್ಲೇಷಕನಿಗೆ ಕೊಟ್ಟ ಕೆಲಸ ಯಾವುದು? ಸುಧಾರಿಸಿದ ಬೀಜ, ಹಸುರುಗೊಬ್ಬರ ಮೊದಲಾದುವನ್ನು ರೈತನು ಏಕೆ ಸ್ವೀಕರಿಸುತ್ತಾನೆ, ಏಕೆ ನಿರಾಕರಿಸುತ್ತಾನೆ ಎಂಬುದನ್ನು ಅರಿಯುವುದೇ ಅದರ ಮುಖ್ಯಾಂಶ. ಹೀಗಾಗಿ ರೈತನು ಇಡೀ ಗ್ರಂಥದಲ್ಲಿ ಒಲಿಸಿಕೊಳ್ಳಬೇಕಾದ ವ್ಯಕ್ತಿಯಾಗಿ ಕಾಣಿಸುತ್ತಾನೆ. ಉತ್ತರ ಪ್ರದೇಶದಲ್ಲಿ ಜಮೀನ್ದಾರಿ ರದ್ದಿಯಾತಿಯ ಕಾನೂನು ಜಾರಿಗೆ ಬಂದದ್ದು ಇದೇ ವರ್ಷಗಳಲ್ಲಿ. ಭೂಮಿ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾರ ಕೈಗೆ ಹೋಗಲೇ ಇಲ್ಲ ಎಂಬ ವಿಚಾರಕ್ಕೆ ಗ್ರಂಥದ ಕೇಂದ್ರದಲ್ಲಿ ಸ್ಥಾನವಿಲ್ಲ.

ದುಬೆ ಅವರ ಗ್ರಂಥವು ಇದಕ್ಕಿಂತ ಮೇಲ್ಮಟ್ಟದ್ದು. ಹೈದರಾಬಾದಿನ ಸಮೀಪದ ಶಾಮೀರ್‌ಪೇಟೆಯನ್ನು ಕುರಿತು 1955ರಲ್ಲಿ ‘ಇಂಡಿಯನ್ ವಿಲೇಜ್’ ಎಂಬ ಕೃತಿಯನ್ನು ಪ್ರಕಟಿಸಿದ್ದ ಅವರು, ಕಾರ್ನೆಲ್ ವಿಶ್ವವಿದ್ಯಾಲಯದ ಭಾರತ ಅಧ್ಯಯನ ಯೋಜನೆಯೊಡನೆ ಸೇರಿ ಪಶ್ಚಿಮ ಉತ್ತರ ಪ್ರದೇಶದ ಎರಡು ಹಳ್ಳಿಗಳಲ್ಲಿ ಸಮುದಾಯಾಭಿವೃದ್ಧಿಯ ಫಲಾಫಲಗಳನ್ನು ಪರೀಕ್ಷಿಸಿದರು. ಹಳ್ಳಿಗಳ ನಿಜನಾಮಗಳನ್ನು ಮರೆಸಿ, ‘ರಜಪೂತ ಗ್ರಾಮ’, ‘ತ್ಯಾಗಿ ಗ್ರಾಮ’ ಎಂದು ಕರೆದಿದ್ದಾರೆ. ಗ್ರಂಥದ ಉಪಶೀರ್ಷಿಕೆಯಲ್ಲಿರುವ ‘ಮಾನವೀಯ ಅಂಶಗಳು’ ಎಂಬ ಮಾತೇ ಆ ಕಾಲದ ಪ್ರಶ್ನೆ ಯಾವುದೆಂಬುದನ್ನು ಸೂಚಿಸುತ್ತದೆ. ಯೋಜನೆ ಸರಿಯಾಗಿಯೇ ಇದೆ, ಅದರ ದಾರಿಗೆ ಅಡ್ಡಬರುವ ಮನುಷ್ಯಸ್ವಭಾವವನ್ನೂ ಸಂಪ್ರದಾಯವನ್ನೂ ಅರಿತರಾಯಿತು ಎಂಬ ಗ್ರಹಿಕೆ ಅದರಲ್ಲಿ ಅಡಗಿದೆ.

ಹೀಗಿದ್ದರೂ ದುಬೆ ಅವರ ಪ್ರಾಮಾಣಿಕತೆಯು ಈ ಚೌಕಟ್ಟನ್ನು ಮೀರಿತು. ವ್ಯವಸಾಯ ವಿಸ್ತರಣೆಯ ಪ್ರಯೋಜನದಲ್ಲಿ ಸುಮಾರು ಶೇಕಡ 70 ಭಾಗವು ಗ್ರಾಮದ ಮುಖ್ಯಸ್ಥರಿಗೂ ಸಿರಿವಂತ, ಪ್ರಭಾವಶಾಲಿ ಒಕ್ಕಲಿಗೂ ಸಂದಿತೆಂದು ಅವರು ಬರೆದಿದ್ದಾರೆ. ಶ್ರಮದಾನವನ್ನು ಕುರಿತ ಅವರ ಮಾತೂ ಅಷ್ಟೇ ನಿಷ್ಠುರವಾದುದು. ಮೇಲಿನವರಿಗೆ ಮುಂದಾಳುತನದ ಗೌರವ, ಕೆಳಗಿನವರಿಗೆ ಮಣ್ಣು ಹೊರುವ ಕೆಲಸ; ಹೀಗೆ ನಿರ್ಮಿತವಾದ ರಸ್ತೆಯಿಂದ ಹೆಚ್ಚಿನ ಲಾಭವಾದದ್ದೋ ಮೇಲಿನವರಿಗೆ. ದಿನದ ಕೂಲಿಯನ್ನು ಬಿಟ್ಟು ಬಂದವನು ದಾನಿ, ಬಂಡಿಯುಳ್ಳವನು ಪ್ರತಿಗ್ರಾಹಿ ಎಂದರೆ ದಾನಶಬ್ದದ ಅರ್ಥವೇ ತಲೆಕೆಳಗಾದಂತಾಯಿತು.

ಇಷ್ಟನ್ನು ಕಂಡ ಮೇಲೂ ಗ್ರಂಥಕರ್ತರು ತಮ್ಮ ಪ್ರಶ್ನೆಯನ್ನು ಬದಲಾಯಿಸಲಿಲ್ಲ ಎಂಬುದೇ ನಮ್ಮ ಆಕ್ಷೇಪಣೆ. ಶೇಕಡ 70ರ ಸಂಗತಿಯು ಗ್ರಂಥದಲ್ಲಿ ಯೋಜನೆಯ ಕೊರತೆಗಳಲ್ಲೊಂದಾಗಿ ಬರುತ್ತದೆ. ಗ್ರಾಮರಚನೆಯ ಸಹಜ ಫಲವೆಂಬಂತೆ ಪರಿಶೀಲಿತವಾಗಿಲ್ಲ. ‘ಸಮುದಾಯ’ವೆಂದು ಕರೆಯತಕ್ಕ ಒಂದು ವಸ್ತು ಹಳ್ಳಿಯಲ್ಲಿ ಉಂಟೇ ಎಂಬ ಪ್ರಶ್ನೆಗೆ ಸಾಮಗ್ರಿಯು ಸಿದ್ಧವಾಗಿತ್ತು, ಪ್ರಶ್ನೆ ಮಾತ್ರ ಕೇಳಲ್ಪಡಲಿಲ್ಲ.

ಈ ಪ್ರಶ್ನೆಗೆ ಬೇಕಾದ ಪರಿಕಲ್ಪನೆ ಬಂದದ್ದು ಮೈಸೂರು ಸೀಮೆಯ ಒಂದು ಹಳ್ಳಿಯಿಂದ ಎಂಬುದನ್ನು ಇಲ್ಲಿ ನೆನೆಯಬೇಕು. ಇಟಾವಾ ಕಾರ್ಯ ಆರಂಭವಾದ 1948ರಲ್ಲಿಯೇ ಎಂ. ಎನ್. ಶ್ರೀನಿವಾಸ್ ಅವರು ಕೊಡಗಹಳ್ಳಿಯಲ್ಲಿ ಬಿಡಾರ ಮಾಡಿ, ತಮ್ಮ ಬರಹಗಳಲ್ಲಿ ರಾಂಪುರವೆಂದು ಹೆಸರಾದ ಆ ಗ್ರಾಮವನ್ನು ಅಭ್ಯಾಸ ಮಾಡುತ್ತಿದ್ದರು. ಯಾವ ಅಭಿವೃದ್ಧಿ ಯೋಜನೆಯ ಯಶಸ್ಸನ್ನು ಅಳೆಯುವ ಹೊಣೆಯೂ ಅವರಿಗಿರಲಿಲ್ಲ. ಜನಸಂಖ್ಯೆ, ಭೂಮಿ, ಅಧಿಕಾರ ಇವು ಒಂದೇ ಜಾತಿಯಲ್ಲಿ ಕೂಡಿಬಂದಾಗ ಉಂಟಾಗುವ ಪ್ರಾಬಲ್ಯವನ್ನು ಅವರು ‘ಪ್ರಬಲ ಜಾತಿ’ ಎಂಬ ಹೆಸರಿನಿಂದ 1955ರ ಮತ್ತು 1959ರ ಪ್ರಬಂಧಗಳಲ್ಲಿ ನಿರೂಪಿಸಿದರು. ಗ್ರಾಮಸೇವಕನು ಹಳ್ಳಿಗೆ ಬಂದು ‘ಮುಖಂಡ’ರನ್ನು ಹುಡುಕಿದಾಗ ಯಾರ ಜಗಲಿಯನ್ನು ಏರುತ್ತಾನೆಂಬುದು ಈ ಪ್ರಬಂಧಗಳನ್ನು ಓದಿದವರಿಗೆ ಮೊದಲೇ ತಿಳಿದಿರುತ್ತದೆ.

ಇದರಿಂದ ಪ್ರತಿಷ್ಠಾನದ ಹಣವೇ ದೋಷವೆಂದು ತೀರ್ಮಾನಿಸುವುದು ಯುಕ್ತವಲ್ಲ. 1970ರ ಏಪ್ರಿಲಿನಲ್ಲಿ ಶ್ರೀನಿವಾಸ್ ಅವರ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದವು. ಆ ಬಳಿಕ ನೆನಪಿನಿಂದಲೇ ಅವರು ‘ದಿ ರಿಮೆಂಬರ್ಡ್ ವಿಲೇಜ್’ ಗ್ರಂಥವನ್ನು ಬರೆಯತೊಡಗಿದ್ದು ಸ್ಟ್ಯಾನ್‌ಫರ್ಡಿನ ಉನ್ನತ ಅಧ್ಯಯನ ಕೇಂದ್ರದಲ್ಲಿ. ಅದು 1976ರಲ್ಲಿ ಪ್ರಕಟವಾಯಿತು. ಆ ಕೇಂದ್ರವನ್ನು 1954ರಲ್ಲಿ ಸ್ಥಾಪಿಸಿದ್ದೂ ಫೋರ್ಡ್ ಪ್ರತಿಷ್ಠಾನದ ಹಣವೇ. ಅಲ್ಲಿ ವಿದ್ವಾಂಸನಿಗೆ ದೊರೆತದ್ದು ಬಿಡುವು. ಪ್ರಶ್ನೆ ಅವನದೇ ಆಗಿತ್ತು. ಇನ್ನೊಂದು ಕಡೆ, ಏಷ್ಯಾ ಫೌಂಡೇಷನ್ನಿಗೆ ಅಮೆರಿಕದ ಗುಪ್ತಚರ ಇಲಾಖೆಯ ಹಣ ಸಲ್ಲುತ್ತಿದ್ದುದು 1967ರಲ್ಲಿ ಬಯಲಾಯಿತು. ಆದಕಾರಣ ಸಂಶಯವು ನಿರಾಧಾರವೆನ್ನುವಂತಿಲ್ಲ. ಆದರೆ ಮರೆಸಿದ ಹಣವನ್ನು ಬಯಲಿಗೆಳೆಯಬಹುದು. ಬಹಿರಂಗವಾಗಿಯೇ ಬಂದು ನಮ್ಮದೆಂದು ನಾವು ನಂಬಿಬಿಟ್ಟ ಪ್ರಶ್ನೆಯನ್ನು ಗುರುತಿಸುವುದು ಇನ್ನೂ ಕಠಿನ.

ಪ್ರಶ್ನೆಯ ಆಯ್ಕೆಯು ಕೇವಲ ಪಾಂಡಿತ್ಯದ ವಿಷಯವಲ್ಲ. 1957ರಲ್ಲಿ ಬಲವಂತರಾಯ್ ಮೆಹತಾ ಸಮಿತಿಯು ಯೋಜನೆಯು ಜನರ ಸ್ವಯಂಪ್ರೇರಣೆಯನ್ನು ಎಚ್ಚರಿಸಲಿಲ್ಲವೆಂದು ಕಂಡು, ಚುನಾಯಿತ ಸಂಸ್ಥೆಗಳಿಗೆ ಅಧಿಕಾರ ಕೊಡುವಂತೆ ಸೂಚಿಸಿತು. 1959ರಲ್ಲಿ ಫೋರ್ಡ್ ಪ್ರತಿಷ್ಠಾನವು ಏರ್ಪಡಿಸಿದ ತಜ್ಞರ ತಂಡವು ಆಹಾರದ ಬಿಕ್ಕಟ್ಟನ್ನು ಕುರಿತು ವರದಿ ಮಾಡಿ, ಹೆಚ್ಚು ಫಲ ಕೊಡಬಲ್ಲ ಪ್ರದೇಶಗಳಲ್ಲಿ ಪ್ರಯತ್ನವನ್ನು ಕೇಂದ್ರೀಕರಿಸಬೇಕೆಂದಿತು. ತಂಜಾವೂರು, ಲೂಧಿಯಾನ ಮೊದಲಾದ 7 ಜಿಲ್ಲೆಗಳಲ್ಲಿ ಆರಂಭವಾದ ಸಾಂದ್ರ ವ್ಯವಸಾಯ ಯೋಜನೆಗೆ ಮುಂದೆ ಮಂಡ್ಯ ಜಿಲ್ಲೆಯೂ ಸೇರಿತು. ನೀರಾವರಿಯುಳ್ಳ ಜಿಲ್ಲೆ, ಸಾಲ ತೀರಿಸಬಲ್ಲ ರೈತ ಎಂಬ ಆಯ್ಕೆಯಿಂದ ಧಾನ್ಯ ಹೆಚ್ಚಿತೆಂಬುದು ನಿಜ. ಆದರೆ ದುಬೆ ಅವರು ಕೊರತೆಯೆಂದು ಬರೆದದ್ದೇ ಹತ್ತಿಪ್ಪತ್ತು ತಿಂಗಳಲ್ಲಿ ಕಾರ್ಯನೀತಿಯ ತಳಹದಿಯಾಯಿತು.

ಬೇರೆ ದಾರಿಯೂ ಇದ್ದಿತೆಂಬುದಕ್ಕೆ ಇಂದಿನ ಬಾಂಗ್ಲಾದೇಶದ ಕೊಮಿಲ್ಲಾ ಸಾಕ್ಷಿ. ಅಲ್ಲಿ 1959ರಲ್ಲಿ ಅಖ್ತರ್ ಹಮೀದ್ ಖಾನ್ ಅವರ ನೇತೃತ್ವದಲ್ಲಿ ಆರಂಭವಾದ ಗ್ರಾಮಾಭಿವೃದ್ಧಿ ಅಕಾಡೆಮಿಗೂ ಫೋರ್ಡ್ ನೆರವಿತ್ತು, ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಸಲಹೆಯಿತ್ತು. ಆದರೆ ಸಣ್ಣ ರೈತರ ಸಾಲ, ಉಳಿತಾಯ, ನೀರಿನ ಹೊರಹರಿವು ಇವನ್ನೇ ಅದು ಅಭ್ಯಾಸವಿಷಯವಾಗಿ ಮಾಡಿಕೊಂಡು ಸಹಕಾರ ಸಂಘಗಳನ್ನು ಕಟ್ಟಿತು. ಅದೇ ಮಾದರಿಯನ್ನು 1970ರ ದಶಕದಲ್ಲಿ ದೇಶಾದ್ಯಂತ ಹರಡಿದಾಗ ಸಂಘಗಳು ಹೆಚ್ಚು ಭೂಮಿಯುಳ್ಳವರ ಕೈಗೆ ಜಾರಿದವು. ಒಳ್ಳೆಯ ಪ್ರಶ್ನೆಯನ್ನು ಕೇಳಿದಲ್ಲಿಯೂ ಕೇಳುವುದನ್ನು ನಿಲ್ಲಿಸಿದೊಡನೆ ಹಳೆಯ ಉತ್ತರವೇ ಮರಳಿ ಬರುತ್ತದೆ.

ಮೇಯರ್ ಮತ್ತು ದುಬೆ ಅವರ ಗ್ರಂಥಗಳು ಈಗಲೂ ನಮ್ಮ ವಿದ್ಯಾರ್ಥಿಗಳು ಓದತಕ್ಕಂಥವು. ಮೊದಲನೆಯದು ಆಕರವಾಗಿ, ಎರಡನೆಯದು ಸತ್ಯನಿಷ್ಠೆಯ ನಿದರ್ಶನವಾಗಿ. ಹೊರಗಿನ ನೆರವಿಲ್ಲದೆ ವಿಸ್ತಾರವಾದ ಕ್ಷೇತ್ರಕಾರ್ಯ ನಡೆಯುವುದು ಕಷ್ಟವಾದ್ದರಿಂದ ನೆರವನ್ನು ತಿರಸ್ಕರಿಸಬೇಕೆಂಬ ಉಪದೇಶವೂ ವ್ಯರ್ಥ. ಅರ್ಜಿಯಲ್ಲಿ ಬರೆದ ಪ್ರಶ್ನೆಗೂ ಹಳ್ಳಿಯಲ್ಲಿ ಕಂಡ ಸಂಗತಿಗೂ ವಿರೋಧ ಬಂದಾಗ ಸಂಶೋಧಕನು ಯಾವುದನ್ನು ತಿದ್ದುತ್ತಾನೆ ಎಂಬುದರಿಂದಲೇ ಅವನ ಸ್ವಾತಂತ್ರ್ಯವನ್ನು ಅಳೆಯಬೇಕು. ದುಬೆ ಅವರು ಸಂಗತಿಯನ್ನು ತಿದ್ದಲಿಲ್ಲ, ಮರೆಸಲಿಲ್ಲ. ಅದು ಸಣ್ಣ ಗುಣವಲ್ಲ. ಪ್ರಶ್ನೆಯನ್ನು ತಿದ್ದುವ ಕೆಲಸವನ್ನು ಅವರು ಮುಂದಿನವರಿಗೆ ಬಿಟ್ಟರು.